ನಾನು ಪಿಜ್ಜಾ ತಿಂದ ದಿನ



ದಸರಾ ರಜೆಯಲ್ಲಿ ನಾನು ಅಪ್ಪನ ಜೊತೆ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಒಂದು ಪಿಜ್ಜಾ ಹೋಟೆಲಿನಲ್ಲಿ ನಮ್ಮ ಅಮ್ಮನ ತಮ್ಮ, ಅಂದರೆ ನಮ್ಮ ಮಾವ, ಒಲೆಯ ಮುಂದೆ ಕೆಲಸ ಮಾಡುತ್ತಾರೆ. "ಮಗೂನ ಒಂದ್ಸಲ ಕರ್ಕೊಂಡು ಬನ್ನಿ ಭಾವ" ಅಂತ ಬಹಳ ದಿನದಿಂದ ಹೇಳ್ತಾ ಇದ್ದರು.

ಅಪ್ಪನಿಗೆ ಮನಸ್ಸಿರಲಿಲ್ಲ. ಆ ವಾರ ನಮ್ಮ ಟೊಮೆಟೊ ಬಾಕ್ಸಿಗೆ 80 ರೂಪಾಯಿಯಂತೆ ಹೋಗಿತ್ತು. ಒಂದು ಬಾಕ್ಸ್ ಅಂದರೆ 15 ಕೆ.ಜಿ. ಅಂತ ನಮ್ಮ ಕೋಲಾರ ಜಿಲ್ಲೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕೀಳುವ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದರೆ ಕೈಗೆ ಏನೂ ಉಳಿಯೋದಿಲ್ಲ. 2023ರ ಜುಲೈ ತಿಂಗಳಲ್ಲಿ ಬಾಕ್ಸಿಗೆ 2000 ರೂಪಾಯಿ ದಾಟಿತ್ತು. ಆಗ ನಮ್ಮ ಹೊಲದಲ್ಲಿ ಹಣ್ಣೇ ಇರಲಿಲ್ಲ! ಅಮ್ಮ ಬಲವಂತ ಮಾಡಿದ್ದಕ್ಕೆ ಅಪ್ಪ ಹೊರಟರು.

ಹೋಟೆಲಿನಲ್ಲಿ ಮಾವ ನಮ್ಮನ್ನು ಒಲೆ ಕಾಣುವ ಹಾಗೆ ಕೂರಿಸಿದರು. ಅದು ಗುಮ್ಮಟದ ಹಾಗಿದೆ. ಒಳಗೆ ಸೌದೆ ಉರಿಯುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ವಿಜ್ಞಾನದಲ್ಲಿ ಓದಿದ್ದೇವೆ. ಆ ಒಲೆಯ ಶಾಖ 430 ಡಿಗ್ರಿಗಿಂತ ಹೆಚ್ಚಂತೆ! ದೂರ ಕೂತರೂ ಮುಖಕ್ಕೆ ಬಿಸಿ ಹೊಡೀತಿತ್ತು. ಮಾವ ದಿನವೆಲ್ಲಾ ಅಲ್ಲೇ ನಿಂತಿರುತ್ತಾರೆ.

ಇದು ಇಟಲಿ ದೇಶದ ನೇಪಲ್ಸ್ ಎಂಬ ಊರಿನ ಪಿಜ್ಜಾ. ಹಿಟ್ಟಿಗೆ ಮೈದಾ, ನೀರು, ಉಪ್ಪು, ಯೀಸ್ಟ್ ಇಷ್ಟೇ. ನಾವು ಇಡ್ಲಿ ಹಿಟ್ಟು ಉಬ್ಬಲು ಇಡುವ ಹಾಗೆ ಅದನ್ನೂ ಬಹಳ ಗಂಟೆ ಇಡುತ್ತಾರೆ. ಲಟ್ಟಣಿಗೆ ಮುಟ್ಟಿಸುವ ಹಾಗಿಲ್ಲ. ಕೈಯಲ್ಲೇ ತಟ್ಟಿ ಅಗಲ ಮಾಡಬೇಕು. ಅದರ ಮೇಲೆ ಒಂದು ಸೌಟು ಟೊಮೆಟೊ, ಸ್ವಲ್ಪ ಚೀಸು, ನಾಲ್ಕು ಎಲೆ. ಆ ಎಲೆ ಮೂಸಿ ನೋಡಿದೆ, ನಮ್ಮ ಕಾಮಕಸ್ತೂರಿ ವಾಸನೆ! ಆಮೇಲೆ ಉದ್ದ ಹಿಡಿಯ ಸಲಿಕೆಯಿಂದ ಒಲೆಗೆ ತಳ್ಳುತ್ತಾರೆ. ನಾನು ಎಣಿಸಿದೆ. 80 ಎಣಿಸುವಷ್ಟರಲ್ಲಿ ಪಿಜ್ಜಾ ಹೊರಗೆ ಬಂತು.

ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗಿತ್ತು. "ಮಾವ, ಸೀದೋಗಿದೆ" ಅಂದೆ. "ಅದು ಸೀದಿರೋದಲ್ಲ ಕಣಮ್ಮಾ, ಅದು ಹಾಗೇ ಇರಬೇಕು" ಅಂತ ನಕ್ಕರು. ನಡುವೆ ಎಷ್ಟು ಮೆತ್ತಗಿತ್ತು ಅಂದರೆ ಚೂರು ಎತ್ತಿದರೆ ತುದಿ ಬಾಗಿ ರಸ ತೊಟ್ಟಿಕ್ಕಿತು. ಚೀಸು ದಾರದಂತೆ ಎಳೆ ಬಂತು. ಉಪ್ಪು ಹುಳಿ ಸರಿಯಾಗಿತ್ತು, ಖಾರ ಮಾತ್ರ ಇಲ್ಲವೇ ಇಲ್ಲ. ನನಗಂತೂ ಬಹಳ ರುಚಿಯಾಯಿತು.

ಅಪ್ಪ ತಿನ್ನಲಿಲ್ಲ. ಬೆಲೆ ಪಟ್ಟಿ ನೋಡುತ್ತಿದ್ದರು. ಒಂದಕ್ಕೆ 480 ರೂಪಾಯಿ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆರು ಬಾಕ್ಸ್. 90 ಕೆ.ಜಿ. ಹಣ್ಣು. ಬಾಯಲ್ಲಿದ್ದ ತುತ್ತು ನುಂಗೋಕೆ ಕಷ್ಟವಾಯಿತು.

ಅಪ್ಪ ಕೇಳಿದರು, "ಇದರಲ್ಲಿ ಇರೋದು ನಮ್ಮ ಕಡೆ ಹಣ್ಣೇನಪ್ಪ?"

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಭಾವ, ಇಟಲಿಯಿಂದ ಡಬ್ಬದಲ್ಲಿ ಬರುತ್ತೆ" ಅಂದರು. ಒಳಗಿನಿಂದ ಒಂದು ಖಾಲಿ ಡಬ್ಬ ತಂದು ತೋರಿಸಿದರು. ಮೇಲೆ ಉದ್ದನೆಯ ಕೆಂಪು ಹಣ್ಣಿನ ಚಿತ್ರ. ಅದರ ಹೆಸರು ಸ್ಯಾನ್ ಮಾರ್ಜಾನೊ. ಅದು ಒಂದು ಊರಿನ ಹೆಸರೂ ಹೌದು. ನೇಪಲ್ಸ್ ಹತ್ತಿರ ವೆಸೂವಿಯಸ್ ಜ್ವಾಲಾಮುಖಿ ಇದೆ. ಅಲ್ಲಿನ ಮಣ್ಣಿನಲ್ಲಿ ಬೆಳೆಯುತ್ತಾರೆ. ಬೇರೆ ಕಡೆ ಬೆಳೆದ ಹಣ್ಣಿಗೆ ಆ ಹೆಸರು ಹಾಕಿ ಮಾರಬಾರದು ಎಂದು 1996ರಿಂದ ಯುರೋಪಿನಲ್ಲಿ ಕಾನೂನಿದೆ. ಪಿಜ್ಜಾ ಮಾಡುವವರ ಕಲೆಯನ್ನೂ 2017ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದೆ.

"ನಮ್ಮದಕ್ಕೇನು ಕಮ್ಮಿ?" ಅಂದರು ಅಪ್ಪ.

"ಕಮ್ಮಿ ಅಂತಲ್ಲ ಭಾವ. ನಮ್ಮದು ಲಾರೀಲಿ ದೂರ ಹೋಗ್ಬೇಕು, ಅದಕ್ಕೆ ಸಿಪ್ಪೆ ಗಟ್ಟಿ ಇರೋ ತಳಿ ಹಾಕ್ತೀವಿ. ಇದಕ್ಕೆ ತಿರುಳು ಜಾಸ್ತಿ ಇರೋದು ಬೇಕು."

ಅಪ್ಪ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಊರ ಹೆಸರು ಹಾಕವರೆ ನೋಡು" ಅಂತ ಅಷ್ಟೇ ಅಂದರು. ಆಮೇಲೆ ಒಂದು ಚೂರು ತಿಂದರು. "ಚೆನ್ನಾಗಿದೆ" ಅಂದಾಗ ಮಾವನ ಮುಖ ಅರಳಿತು. ದುಡ್ಡನ್ನು ಮಾವನೇ ಕೊಟ್ಟರು.

ಬಸ್ಸಿನಲ್ಲಿ ನಾನು ಯೋಚನೆ ಮಾಡಿದೆ. ಟೊಮೆಟೊ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ ಎಂದು ಗುರುಗಳು ಹೇಳಿದ್ದರು. ಇಟಲಿಗೂ ಅದು ಹೊರಗಿನಿಂದ ಬಂದದ್ದೇ, ನಮಗೂ ಹೊರಗಿನಿಂದ ಬಂದದ್ದೇ. ಆದರೆ ಅವರ ಡಬ್ಬದ ಮೇಲೆ ಅವರ ಊರಿನ ಹೆಸರಿದೆ. ನಮ್ಮ ಬಾಕ್ಸಿನ ಮೇಲೆ ಮಂಡಿಯವರ ಹೆಸರಿರುತ್ತದೆ. ಯಾರು ಬೆಳೆದರು ಅಂತ ತಿನ್ನುವವರಿಗೆ ಹೇಗೆ ಗೊತ್ತಾಗಬೇಕು?

ಮುಂದಿನ ಕೊಯ್ಲಿನ ದಿನ ನಾನು ಒಂದು ಚೀಟಿಯಲ್ಲಿ ದುಂಡಾಗಿ ನಮ್ಮ ಊರಿನ ಹೆಸರು ಬರೆದು ಒಂದು ಬಾಕ್ಸಿನ ಹಣ್ಣಿನ ಮೇಲೆ ಇಟ್ಟೆ. ಅಪ್ಪ ನೋಡಿದರು. ಇದರಿಂದ ರೇಟು ಜಾಸ್ತಿ ಆಗಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಅಪ್ಪ ಚೀಟಿಯನ್ನು ತೆಗೆಯಲಿಲ್ಲ. ಹಾರಿ ಹೋಗದ ಹಾಗೆ ಅದರ ಮೇಲೆ ಒಂದು ಹಣ್ಣು ಇಟ್ಟರು.

ಗೆಳೆಯರೇ, ನಿಮ್ಮ ಮನೆಯಲ್ಲೂ ಟೊಮೆಟೊ ಇದೆ. ನೀವೂ ಹೀಗೆ ಬರೆಯಿರಿ.

– 7ನೇ ತರಗತಿ ವಿದ್ಯಾರ್ಥಿನಿ