ಹಳೇ ವಜ್ರಕ್ಕೆ ಹೊಳಪಿಲ್ಲ ಅಂದವರು ಯಾರು?

ಚಿತ್ರತಾರೆಯರಿಗೂ ವಜ್ರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. 1953ರಲ್ಲಿ ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದ ಪ್ರಚಾರಕ್ಕಾಗಿ ಮರ್ಲಿನ್ ಮನ್ರೋ ಕೊರಳಿಗೆ ಧರಿಸಿದ್ದು ಯಾವ ವಜ್ರ, ಗೊತ್ತೇ? ನಮ್ಮ ಬರೋಡಾ ರಾಜಮನೆತನದಲ್ಲಿದ್ದ ಹಳದಿ ವಜ್ರ, ‘ಮೂನ್ ಆಫ್ ಬರೋಡಾ’! ತೂಕ 24 ಕ್ಯಾರೆಟ್ಟಿಗಿಂತ ತುಸು ಹೆಚ್ಚು.

ಎಲಿಜಬೆತ್ ಟೇಲರಳ ಕಥೆ ಇನ್ನೂ ಸೊಗಸು. 1968ರಲ್ಲಿ ಗಂಡ ರಿಚರ್ಡ್ ಬರ್ಟನ್ 3,05,000 ಡಾಲರಿಗೆ 33.19 ಕ್ಯಾರೆಟ್ಟಿನ ಕ್ರುಪ್ ವಜ್ರವನ್ನು ಕೊಂಡು ಅವಳ ಬೆರಳಿಗೆ ತೊಡಿಸಿದ. 2011ರಲ್ಲಿ ಅವಳು ತೀರಿಕೊಂಡಳು. ಅದೇ ವರ್ಷದ ಹರಾಜಿನಲ್ಲಿ ಆ ಉಂಗುರ ಸುಮಾರು 88 ಲಕ್ಷ ಡಾಲರಿಗೆ ಹೋಯಿತು. ಬೆಲೆ ಬಂದದ್ದು ಕಲ್ಲಿಗೋ, ಅದನ್ನು ತೊಟ್ಟ ಬೆರಳಿಗೋ? ನೀವೇ ಹೇಳಿ!

ಅಷ್ಟು ದೂರವೇಕೆ? ನಮ್ಮ ಎಂ.ಎಸ್. ಸುಬ್ಬುಲಕ್ಷ್ಮಿಯವರನ್ನು ನೆನೆಸಿಕೊಳ್ಳಿ. 1945ರ ‘ಮೀರಾ’ ಚಿತ್ರದ ನಾಯಕಿ, ಸಂಗೀತ ಸಾಮ್ರಾಜ್ಞಿ. ಮೂಗಿನ ಎರಡೂ ಕಡೆ ವಜ್ರದ ಬೇಸರಿ, ಕಿವಿಯಲ್ಲಿ ವಜ್ರದ ಓಲೆ. ಅವರು ಹಾಡುತ್ತಾ ಕತ್ತು ಹೊರಳಿಸಿದರೆ ಮಿಂಚು ಹೊಡೆದಂತಾಗುತ್ತಿತ್ತು. ಆ ಮಿಂಚನ್ನು ನೋಡಿಯೇ ಎಷ್ಟೋ ಮನೆಗಳಲ್ಲಿ ಹೆಂಗಸರು ಚೀಟಿ ಹಾಕಿ, ಹೊಟ್ಟೆ ಬಟ್ಟೆ ಕಟ್ಟಿ, ಏಳು ಕಲ್ಲಿನ ಓಲೆ ಮಾಡಿಸಿಕೊಂಡರು.

ನಮ್ಮ ಮನೆಯಲ್ಲೂ ಅಂಥದ್ದೊಂದು ಜೊತೆ ಇತ್ತು. ನಮ್ಮಜ್ಜಿಯದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ ಬಂತು. ಅಮ್ಮ ಅದನ್ನು ‘ಬ್ಲೂ ಜಾಗರ್’ ಅನ್ನುತ್ತಿದ್ದಳು. ಚಿಕ್ಕವರಾಗಿದ್ದಾಗ ನಮಗೆ ಅದು ಯಾವುದೋ ಮಂತ್ರದ ಹಾಗೆ ಕೇಳಿಸುತ್ತಿತ್ತು! ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯ ಹೆಸರೇ ನಮ್ಮ ಹೆಂಗಸರ ಬಾಯಲ್ಲಿ ಹೀಗಾಗಿತ್ತು. ಆ ಗಣಿ 1971ರಲ್ಲಿ ಮುಚ್ಚಿತು, ಹೆಸರು ಮಾತ್ರ ಉಳಿಯಿತು. ಬಿಸಿಲಿಗೆ ಹಿಡಿದರೆ ನೀಲಿ ಛಾಯೆ ಬೀರುವ ಕಲ್ಲಿಗೆಲ್ಲ ‘ಜಾಗರ್’ ಅಂತಲೇ ಹೆಸರು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತದಲ್ಲ, ಅದು ತಾಕಿದಾಗ ಕೆಲವು ವಜ್ರಗಳು ನೀಲಿಯಾಗಿ ಬೆಳಗುತ್ತವೆ. ಗುಟ್ಟು ಇಷ್ಟೇ. ಅಂದು ಆ ನೀಲಿ ಕಂಡರೆ ಹೆಮ್ಮೆ. ಇಂದು ಅದೇ ಗುಣ ಜಾಸ್ತಿಯಿದ್ದರೆ ಬಿಳಿ ಕಲ್ಲಿಗೆ ಬೆಲೆ ಕಡಿಮೆ ಕಟ್ಟುವವರಿದ್ದಾರೆ. ಕಾಲ ನೋಡಿ ಹೇಗಿದೆ!

ಕೆಲವು ವರ್ಷಗಳ ಹಿಂದೆ ಭಾವನವರಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಅಕ್ಕ ಎರಡು ಮಾತಾಡದೆ ಓಲೆ ಬಿಚ್ಚಿದಳು. ಬ್ಯಾಂಕಿನಲ್ಲಿ ಅಡ ಇಟ್ಟರೆ ಕಲ್ಲಿನ ತೂಕ ಕಳೆದು ಬರೀ ಚಿನ್ನಕ್ಕೆ ಸಾಲ. ಮಾರೋಣವೆಂದು ದೊಡ್ಡ ಅಂಗಡಿಯೊಂದಕ್ಕೆ ಹೋದೆವು.

“ಅಮ್ಮಾವ್ರೇ, ಇದು ಹಳೇ ಕಟಿಂಗು. ಹೊಳಪೇ ಇಲ್ಲ ನೋಡಿ. ಚಿನ್ನದ ದುಡ್ಡು ಕೊಡ್ತೀವಿ, ಕಲ್ಲಿಗೆ ಏನೋ ಒಂದಿಷ್ಟು ಸೇರಿಸಿ ಕೊಡ್ತೀವಿ” ಅಂದ ಕೌಂಟರಿನ ಹುಡುಗ.

ಅಕ್ಕನ ಮುಖ ಬಾಡಿತು. “ಏನೇ ಇದು, ಅಜ್ಜಿ ಹಾಕ್ಕೊಂಡಿದ್ದು ಗಾಜಾ ಹಾಗಾದ್ರೆ?”

ಗಾಜಲ್ಲ ಅಕ್ಕಾ, ಗಾಜಲ್ಲ! ಇಂದು ಅಂಗಡಿಯಲ್ಲಿ ಕಣ್ಣು ಕೋರೈಸುವ ದುಂಡು ವಜ್ರದ ಅಳತೆಗೆ ಬುನಾದಿ 1919ರಲ್ಲಿ ಮಾರ್ಸೆಲ್ ಟಾಲ್ಕೋವ್‌ಸ್ಕಿ ಎಂಬಾತ ಹಾಕಿದ ಲೆಕ್ಕ. ಬೆಳಕು ಎಲ್ಲಿ ಹೊಕ್ಕು ಎಲ್ಲಿ ಹೊರಬರಬೇಕೆಂದು ಗಣಿತ ಮಾಡಿದ ಪುಣ್ಯಾತ್ಮ. ಅದಕ್ಕೂ ಹಿಂದಿನ ಕುಶಲಕರ್ಮಿ ಕೈ, ಕಣ್ಣುಗಳನ್ನೇ ನಂಬಿ ಸಾಣೆ ಹಿಡಿಯುತ್ತಿದ್ದ. ಕಲ್ಲಿನ ತೂಕ ಆದಷ್ಟು ಉಳಿಸುತ್ತಿದ್ದ. ಅದಕ್ಕೇ ಹಳೇ ಕಲ್ಲಿನ ಮೇಲ್ಭಾಗ ಎತ್ತರ, ನೆತ್ತಿಯ ಮುಖ ಚಿಕ್ಕದು. ತಳದ ತುದಿ ಚಪ್ಪಟೆ; ಮೇಲಿಂದ ನೋಡಿದರೆ ನಡುವೆ ಪುಟ್ಟ ಚುಕ್ಕೆ. ಒಂದರಂತೆ ಇನ್ನೊಂದು ಇರುವುದಿಲ್ಲ.

ಬೆಂಗಳೂರಿನ ಬೀದಿಗೆ ಶಿವನಸಮುದ್ರದ ಕರೆಂಟು ಬಂದದ್ದೇ 1905ರಲ್ಲಿ. ಅದಕ್ಕೂ ಮುಂಚೆ ವಜ್ರ ಮಿನುಗಬೇಕಾದದ್ದು ಹರಳೆಣ್ಣೆ ದೀಪಕ್ಕೆ, ಮೇಣದ ಬತ್ತಿಗೆ. ಹೊಸ ಕಲ್ಲು ಚಿಟಪಟ ಸಿಡಿದರೆ ಹಳೆಯದು ನಿಧಾನವಾಗಿ, ಅಗಲವಾಗಿ, ಬಣ್ಣ ಚೆಲ್ಲಿ ಉರಿಯುತ್ತದೆ. ಅಂಗಡಿಯ ನೂರು ಬಲ್ಬಿನ ಕೆಳಗಿಟ್ಟು ಹೊಳಪಿಲ್ಲ ಅಂದರೆ ಹೇಗೆ?

ನಾವು ಓಲೆ ವಾಪಸ್ ತಂದೆವು. ನಂಬಿಕಸ್ತ ಅಕ್ಕಸಾಲಿಯ ಎದುರಿಗೇ ಕೂತು ಕಲ್ಲು ಬಿಡಿಸಿದೆವು. ಹಿಂದುಗಡೆ ಚಿನ್ನ ಮುಚ್ಚಿ ಕೂರಿಸಿದ ಕಲ್ಲಿನ ನಿಜವಾದ ತೂಕ, ಒಳಗಿನ ದೋಷ ಬಿಚ್ಚದೆ ಗೊತ್ತಾಗುವುದಿಲ್ಲ. ಹದಿನಾಲ್ಕು ಕಲ್ಲು, ಒಟ್ಟು 2 ಕ್ಯಾರೆಟ್ 10 ಸೆಂಟ್. ಒಂದರಲ್ಲಿ ‘ಕಾಕಪಾದ’ವೂ ಇತ್ತು ಅನ್ನಿ! ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಹಳೇ ಒಡವೆ ಬಲ್ಲ ವ್ಯಾಪಾರಿಗೆ ತೋರಿಸಿದಾಗ ಕಲ್ಲಿಗೆ ಮೊದಲು ಹೇಳಿದ್ದರ ಮೂರು ಪಟ್ಟು ಬಂತು. ಸುತ್ತಿನ ಹನ್ನೆರಡನ್ನು ಅಕ್ಕ ಕೊಟ್ಟಳು. ನಡುವಿನ ಎರಡು ದೊಡ್ಡ ಕಲ್ಲು ಇಟ್ಟುಕೊಂಡಳು. ಒಂದು ಅವಳ ಮಗಳ ಮೂಗಿನಲ್ಲಿದೆ, ಇನ್ನೊಂದು ನನ್ನ ಮೂಗಿನಲ್ಲಿ. ಭಾವನವರು ಗುಂಡುಕಲ್ಲಿನ ಹಾಗಿದ್ದಾರೆ.

ಈಗ ಪ್ರಯೋಗಾಲಯದಲ್ಲೇ ಬೆಳೆಸಿದ ವಜ್ರ ಬಂದಿದೆ. ಅದೂ ಅಸಲಿ ವಜ್ರವೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು, ಬೆಲೆಯೋ ತೀರಾ ಅಗ್ಗವಾಗಿದೆ. ಅಂದಮೇಲೆ ಬರೀ ಹೊಳಪಿಗೆ ಇನ್ನೆಂಥ ಬೆಲೆ? ಯಂತ್ರಕ್ಕೆ ಬೆಳೆಸಲಾಗದ್ದು ಹಳೇ ಕೈಯ ಗುರುತು, ತೊಟ್ಟವರ ನೆನಪು. 2025ರ ಆಗಸ್ಟಿನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ನಿಶ್ಚಿತಾರ್ಥದ ಉಂಗುರ ತೋರಿಸಿದಾಗ ಅದರಲ್ಲಿದ್ದದ್ದು ‘ಓಲ್ಡ್ ಮೈನ್’ ಕಟಿಂಗಿನ ವಜ್ರ. ಅದೇ ನಮ್ಮಜ್ಜಿಯ ಹಳೇ ಕಟಿಂಗು!

ಹಾಗಂತ ಹಳೆಯದಕ್ಕೆಲ್ಲ ಕೋಟಿ ಬರುತ್ತದೆಂದು ಹಿಗ್ಗಬೇಡಿ. ಬರುವುದಿಲ್ಲ. ಹೊಸ ಫ್ಯಾಷನ್ನಿಗೆಂದು ಮತ್ತೆ ಸಾಣೆ ಹಿಡಿಸಲೂ ಬೇಡಿ. ತೂಕ ಕಳೆದುಹೋಗುತ್ತದೆ, ಅಜ್ಜಿಯ ಕಾಲವೂ ಅದರ ಜೊತೆಗೇ ಹೋಗುತ್ತದೆ. ಕಷ್ಟಕಾಲಕ್ಕೆ ಮಾರಿದರೆ ತಪ್ಪೇನಿಲ್ಲ, ಒಡವೆ ಮಾಡಿಸುವುದೇ ಅದಕ್ಕೆ. ಆದರೆ ತೂಗಿಸಿ, ತಿಳಿದು, ಕಣ್ಣೆದುರಿಗೇ ಬಿಚ್ಚಿಸಿ ಮಾರಿ. ಅದಕ್ಕೂ ಮುಂಚೆ ಒಂದು ಸಂಜೆ ಕರೆಂಟು ಆರಿಸಿ, ದೇವರ ದೀಪದ ಮುಂದೆ ಹಿಡಿದು ನೋಡಿ. ಆಮೇಲೆ ಹೇಳಿ, ಹೊಳಪಿಲ್ಲ ಅಂದವರು ಯಾರು ಅಂತ!