ಬಾವಿಕಟ್ಟೆಯ ಮಾತು

ಆರಾಧನೆ ಎಂಬ ಮಾತಿಗೆ ರಾಯಚೂರು ಸೀಮೆಯಲ್ಲಿ ಎರಡು ನೆಲೆ. ಮಾನ್ವಿಯಲ್ಲಿ ಆರಾಧನೆಯೆಂದರೆ ಜಗನ್ನಾಥದಾಸರ ಪುಣ್ಯದಿನ. ಹರಿಕಥಾಮೃತಸಾರದ ಪಾರಾಯಣ, ಪಂಕ್ತಿಯ ಊಟ. ಅಲ್ಲಿಂದ ಸಿಂಧನೂರಿನ ದಾರಿ ಹಿಡಿದು ಪೋತ್ನಾಳಕ್ಕೆ ಬಂದರೆ, ಕ್ರೈಸ್ತರ ಮನೆಗಳಲ್ಲಿ ಅದೇ ಮಾತು ಭಾನುವಾರದ ಪ್ರಾರ್ಥನೆಗೆ ಸಲ್ಲುತ್ತದೆ. ಎರವಲಿನ ಅಳುಕಿಲ್ಲದೆ ಎರಡು ಮನೆಯವರು ಒಂದೇ ಮಾತನ್ನು ಬಳಸುವುದು ಕನ್ನಡದ ಔದಾರ್ಯ. ಮಾತು ಹೊಸ್ತಿಲು ದಾಟಿದಷ್ಟು ಸುಲಭವಾಗಿ ನೀರಿನ ತಂಬಿಗೆಯೂ ದಾಟಿತೆ ಎಂಬುದು ಬೇರೆ ಪ್ರಶ್ನೆ.

ಕ್ರೈಸ್ತಧರ್ಮ ಈ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮುದಗಲ್ಲಿನ ಇಗರ್ಜಿ 1557ಕ್ಕೂ ಹಿಂದಿನದೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಅಲ್ಲಿನ ಕ್ರೈಸ್ತರಿಗೆ ಭೂಮಿ ಬಿಟ್ಟುಕೊಟ್ಟವರು ಬಿಜಾಪುರದ ಸುಲ್ತಾನರು. ಆದರೂ ಕಥೋಲಿಕರ ಬಲಿಪೂಜೆ ಶತಮಾನಗಳ ಕಾಲ ಲ್ಯಾಟಿನ್ನಿನಲ್ಲೇ ನಡೆಯಿತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1969ರಲ್ಲಿ ರೋಮ್ ಭಾರತಕ್ಕೆಂದು 12 ಮಾರ್ಪಾಡುಗಳನ್ನು ಒಪ್ಪಿತು: ನೆಲದ ಮೇಲೆ ಕುಳಿತುಕೊಳ್ಳಬಹುದು, ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು, ಎಣ್ಣೆಯ ದೀಪ ಹಚ್ಚಬಹುದು, ಆರತಿ ಬೆಳಗಬಹುದು. ದೀಪವೋ ಮೇಣದ ಬತ್ತಿಯೋ ಎಂದು ಚರ್ಚೆಯೂ ನಡೆಯಿತು. ನನಗೇನೋ ದೀಪವೇ ಇಷ್ಟ. ದೇವರಿಗೆ ಈ ವಿಷಯದಲ್ಲಿ ಅಷ್ಟೊಂದು ಆಸಕ್ತಿ ಇದ್ದೀತೆಂದು ತೋರುವುದಿಲ್ಲ.

ಏಕೆಂದರೆ, ನಿಜವಾದ ಆರಾಧನೆ ಯಾವುದೆಂದು ಯೇಸು ನೇರವಾಗಿ ಹೇಳಿದ್ದು ದೇವಾಲಯದಲ್ಲಲ್ಲ, ಬಾವಿಕಟ್ಟೆಯ ಮೇಲೆ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಆ ಪ್ರಸಂಗ ಬರುತ್ತದೆ. ನಡು ಮಧ್ಯಾಹ್ನ. ನಡೆದು ದಣಿದವನ ಹತ್ತಿರ ಸೇದುವ ಪಾತ್ರೆಯಿಲ್ಲ. ಕೊಡ ಹಿಡಿದು ಬಂದವಳು ಸಮಾರ್ಯದ ಹೆಂಗಸು. ಯೆಹೂದ್ಯರಿಗೆ ಸಮಾರ್ಯದವರೊಡನೆ ಬಳಕೆಯಿಲ್ಲ. ಇಲ್ಲಿ ಬರುವ ಗ್ರೀಕ್ ಮಾತಿನ ಅರ್ಥ ಬರಿಯ ಒಡನಾಟವಲ್ಲ, ಒಂದೇ ಪಾತ್ರೆಯನ್ನು ಕೂಡಿ ಬಳಸುವುದು ಎಂದು ಡೇವಿಡ್ ಡೌಬೆ ಎಂಬ ವಿದ್ವಾಂಸರು 1950ರಲ್ಲಿ ವಾದಿಸಿದರು. ಅವರು ವಿದ್ವತ್ತಿನಿಂದ ಕಂಡುಕೊಂಡದ್ದನ್ನು ನಮ್ಮ ಹಳ್ಳಿಯವರು ಪ್ರಮಾಣ ಕೇಳದೆ ಒಪ್ಪಿಯಾರು. ಆ ಹೆಂಗಸಿನ ಹತ್ತಿರ ಯೇಸು ನೀರು ಕೇಳುತ್ತಾನೆ. ಪೂಜೆ ಈ ಬೆಟ್ಟದ ಮೇಲೋ ಯೆರೂಸಲೇಮಿನಲ್ಲೋ ಎಂದು ಅವಳು ಕೇಳಿದ್ದು ಆಮೇಲೆ. ಎರಡೂ ಅಲ್ಲ, ಆತ್ಮದಿಂದಲೂ ಸತ್ಯದಿಂದಲೂ ಎಂಬ ಅರ್ಥದ ಅವನ ಉತ್ತರವನ್ನು ಪ್ರವಚನಕಾರರು ಸಾವಿರ ಸಲ ಹೇಳುತ್ತಾರೆ. ಅವನು ಮೊದಲು ನೀರು ಬೇಡಿದನೆಂಬುದನ್ನು ಮಾತ್ರ ಕಥೆಯ ಪೀಠಿಕೆಯೆಂದು ದಾಟಿಬಿಡುತ್ತಾರೆ. ನನಗೆ ಉತ್ತರದ ಅರ್ಧ ಭಾಗ ಆ ಬೇಡಿಕೆಯಲ್ಲೇ ಇದೆಯೆಂದು ತೋರುತ್ತದೆ.

ಪೋತ್ನಾಳದ ಕಡೆಯ ಕ್ರೈಸ್ತರಲ್ಲಿ ಅನೇಕರು ದಲಿತ ಮನೆತನದವರು. ಅಲ್ಲಿನ ಒಬ್ಬ ಮುದುಕಿಯೊಡನೆ ಒಮ್ಮೆ ಈ ಕಥೆಯ ಮಾತು ಬಂತು. ಅವಳಿಗೆ ನಾನು ಬಿಡಿಸಿ ಹೇಳಬೇಕಾದದ್ದೇನೂ ಇರಲಿಲ್ಲ. "ನಾವು ಬಾವಿ ಕಟ್ಟಿ ಹತ್ತತಿದ್ದಿಲ್ಲ. ಯಾರಾರ ಎತ್ತಿ ಹಾಕೋರು ಬರೋತನಕ ಕೊಡ ಇಟಗೊಂಡು ನಿಂದರತಿದ್ವಿ" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ. ಆ ವರ್ಷದ ಮಳೆಯ ಸುದ್ದಿ ಹೇಳುವಂತೆ ಹೇಳಿದಳು. ಅವಳು ಬೇಗ ಮರೆಯದಿದ್ದುದು ಇನ್ನೊಂದನ್ನು: ಮೊದಲ ಸಲ ಅವಳ ಗುಡಿಸಲಿಗೆ ಬಂದ ಪಾದ್ರಿ ಪ್ರಾರ್ಥನೆಗೆ ಮುಂಚೆ ಅವಳ ಗಡಿಗೆಯ ನೀರು ಕೇಳಿ ಕುಡಿದದ್ದು. ಪ್ರಾರ್ಥನೆಯಲ್ಲಿ ಆತ ಏನು ಹೇಳಿದನೋ ಅವಳಿಗೆ ನೆನಪಿಲ್ಲ.

ಹಾಗೆಂದು ದೇವಾಲಯದ ಒಳಗೆ ಎಲ್ಲವೂ ಸರಿಯಾಯಿತೆ? ನೆರೆಯ ತಮಿಳುನಾಡಿನ ವಡಕ್ಕನ್‌ಕುಳಂ ದೇವಾಲಯದಲ್ಲಿ ಜಾತಿ ಜಾತಿಗಳ ನಡುವೆ ಗೋಡೆಯೇ ಇತ್ತು. ಅದು ಉರುಳಿದ್ದು 1910ರಲ್ಲಿ. 1950ರ ರಾಷ್ಟ್ರಪತಿಗಳ ಆಜ್ಞೆ ಕ್ರೈಸ್ತನಾದ ದಲಿತನನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿತು. ಧರ್ಮ ಬದಲಾದರೆ ಜಾತಿ ಹೋಗುತ್ತದೆಂದು ಸರ್ಕಾರ ನಂಬಿದಂತೆ ತೋರುತ್ತದೆ. ಅಷ್ಟು ನಂಬಿಕೆ ಕ್ರೈಸ್ತರಿಗೇ ಇರಲಿಲ್ಲ! 2016ರಲ್ಲಿ ಭಾರತದ ಕಥೋಲಿಕ ಬಿಷಪ್ಪರ ಮಂಡಳಿ ತನ್ನ ಸಭೆಯೊಳಗೆ ಅಸ್ಪೃಶ್ಯತೆ ಉಳಿದಿದೆಯೆಂದು ಲಿಖಿತವಾಗಿಯೇ ಒಪ್ಪಿಕೊಂಡಿತು. ಇನ್ನು ಪ್ರಾಟೆಸ್ಟಂಟರ ಅನೇಕ ದೇವಾಲಯಗಳಲ್ಲಿ ಪ್ರಭುಭೋಜನಕ್ಕೆ ಒಂದೇ ಬಟ್ಟಲಿನ ಬದಲು ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ. 1890ರ ದಶಕದಲ್ಲಿ ಅಮೆರಿಕದಲ್ಲಿ ರೋಗಾಣುಗಳ ಭಯಕ್ಕೆ ಹಬ್ಬಿದ ಪದ್ಧತಿ ಅದು. ನಮ್ಮಲ್ಲಿ ಅದಕ್ಕೆ ಬೇರೊಂದು ಉಪಯೋಗವೂ ಸಿಕ್ಕಿತೇನೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಸುವಾರ್ತೆಯ ಕಥೆಯಲ್ಲಿ ಒಂದು ವಿಚಿತ್ರವಿದೆ. ಆ ಹೆಂಗಸು ಕೊನೆಗೆ ನೀರು ಕೊಟ್ಟಳೆ, ಯೇಸು ಕುಡಿದನೆ ಎಂಬುದನ್ನು ಯೋಹಾನ ಬರೆದೇ ಇಲ್ಲ. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಕ್ಕೆ ಹೋದಳೆಂದಷ್ಟೇ ಇದೆ. ಮುದುಕಿಯನ್ನು ಇದನ್ನೂ ಕೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಕುಡದೇ ಇರತಾನ. ಕೊಡ ಅಲ್ಲೇ ಇತ್ತಲ್ಲ."