ಆಸ್ಟೋರಿಯಾದ ಡಿಸ್ಕಸ್ ವೀರ

ಫ್ಲಷಿಂಗ್ ಗಣೇಶನ ದರ್ಶನ ಮಾಡಿ, ಕ್ಯಾಂಟೀನಿನಲ್ಲಿ ದೋಸೆ ಮುಗಿಸಿ (ಯಾವುದಕ್ಕಾಗಿ ಹೋದದ್ದೆಂದು ಓದುಗರು ಕೇಳಬಾರದು) ಹಿಂತಿರುಗುವಾಗ ಆಲ್ ಓರ್ಟರ್ ಕ್ರೀಡಾಕೇಂದ್ರದ ಫಲಕ ಕಂಡಿತು. "ಯಾರಪ್ಪಾ ಇವರು?" ಎಂದಳು ಮಗಳು. ಶಾಲೆಯ ತಂಡದಲ್ಲಿ ಡಿಸ್ಕಸ್ ಎಸೆಯಲು ಆಗಷ್ಟೇ ಸೇರಿದ್ದಳು. ನ್ಯೂಜೆರ್ಸಿಯ ಮನೆ ಮುಟ್ಟುವವರೆಗೂ ಹೇಳುತ್ತಾ ಬಂದೆ.

ಓರ್ಟರ್ ೧೯೩೬ರಲ್ಲಿ ಇಲ್ಲೇ ಆಸ್ಟೋರಿಯಾದಲ್ಲಿ ಹುಟ್ಟಿ, ಲಾಂಗ್ ಐಲೆಂಡಿನಲ್ಲಿ ಬೆಳೆದವರು. ಶಾಲೆಯಲ್ಲಿ ಓಟಗಾರ. ಒಂದು ದಿನ ಕಾಲಬಳಿ ಬಂದು ಬಿದ್ದ ಡಿಸ್ಕಸನ್ನು ವಾಪಸು ಎಸೆದರೆ, ಅದು ಅಲ್ಲಿದ್ದವರ ತಲೆಯ ಮೇಲೆ ಹಾದು ಆಚೆ ಬಿತ್ತಂತೆ. ಆಮೇಲೆ ೧೯೫೬ ಮೆಲ್ಬರ್ನ್, ೧೯೬೦ ರೋಮ್, ೧೯೬೪ ಟೋಕಿಯೊ, ೧೯೬೮ ಮೆಕ್ಸಿಕೊ: ನಾಲ್ಕಕ್ಕೆ ನಾಲ್ಕೂ ಚಿನ್ನ, ಪ್ರತಿಸಲವೂ ಒಲಿಂಪಿಕ್ ದಾಖಲೆ. ಹೊಟ್ಟೆಪಾಡಿಗೆ ಗ್ರಮ್ಮನ್ ವಿಮಾನ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ನಮ್ಮ ನಿಮ್ಮಂತೆ ನೌಕರಿಯವರು.

ಟೋಕಿಯೊದ ಕಥೆಗೆ ಮಗಳು ಕಿವಿಗೊಟ್ಟಳು. ಕತ್ತಿನ ನೋವಿಗೆ ಮೊದಲೇ ಪಟ್ಟಿ. ಸ್ಪರ್ಧೆಗೆ ಆರು ದಿನವಿರುವಾಗ ಪಕ್ಕೆಲುಬಿನ ಮೃದ್ವಸ್ಥಿ ಹರಿಯಿತು. ವೈದ್ಯರು ಬೇಡವೆಂದರು. ಮಂಜುಗಡ್ಡೆ ಇಟ್ಟು, ಪಟ್ಟಿ ಬಿಗಿದು ಕಣಕ್ಕಿಳಿದರು. ವಿಶ್ವದಾಖಲೆಯ ಚೆಕ್ ವೀರ ದಾನೆಕ್ ೬೦.೫೨ ಮೀಟರ್ ಎಸೆದು ಮುಂದಿದ್ದರು. ಐದನೆಯ ಎಸೆತದಲ್ಲಿ ಓರ್ಟರ್, ೬೧.೦೦! ಅವರ ಅತಿ ದೂರದ ಎಸೆತ ೬೯.೪೬ ಮೀಟರ್ ಬಂದದ್ದು ೧೯೮೦ರಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ. ೨೦೦೭ರಲ್ಲಿ ತೀರಿಕೊಂಡರು.

"ನಮ್ಮವರು ಯಾರೂ ಇಲ್ಲವಾ?" ಇದ್ದಾರಲ್ಲ, ಮೈಸೂರಿನಲ್ಲಿ ಹುಟ್ಟಿ ಮೇರಿಲ್ಯಾಂಡಿನಲ್ಲಿ ಬೆಳೆದ ವಿಕಾಸ್ ಗೌಡ! ಭಾರತಕ್ಕಾಗಿ ನಾಲ್ಕು ಒಲಿಂಪಿಕ್ಸ್, ೨೦೧೨ರ ಲಂಡನ್‌ನಲ್ಲಿ ಎಂಟನೆಯ ಸ್ಥಾನ, ೨೦೧೪ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ. ತಂದೆ ಶಿವೇಗೌಡರೇ ತರಬೇತುದಾರರು.

ಆ ಮಾತು ಹೇಳಿ ಸುಮ್ಮನಾದೆ. ಹಾಸನದಲ್ಲಿ ನಾನೂ ಎಸೆಯುತ್ತಿದ್ದೆ. ಎಸ್ಸೆಸ್ಸೆಲ್ಸಿ ವರ್ಷ ನಮ್ಮ ತಂದೆ ಡಿಸ್ಕಸನ್ನು ಅಟ್ಟಕ್ಕೆ ಹಾಕಿದರು. ರಸಾಯನಶಾಸ್ತ್ರದ ಡಾಕ್ಟರೇಟು ಬಂತು, ಅವರನ್ನು ದೂರಲಾರೆ. ಆದರೆ ಮಗಳ ಪಂದ್ಯ, ಗಣಿತದ ಟ್ಯೂಷನ್ ಎರಡೂ ಶನಿವಾರವೇ. ಅದರ ಮೇಲೆ ಮನೆಯಲ್ಲಿ ವಾರವಿಡೀ ಮಾತು ಬೆಳೆದಿತ್ತು. ನಾನೂ ಟ್ಯೂಷನ್ ಪಕ್ಷವೇ.

ಶುಕ್ರವಾರ ರಾತ್ರಿ ಮೇಷ್ಟರಿಗೆ ಫೋನ್ ಮಾಡಿ, ನಾಳೆ ಬರುವುದಿಲ್ಲವೆಂದೆ. ನನ್ನಾಕೆ ಎರಡು ದಿನ ಮಾತನಾಡಲಿಲ್ಲ.

ಮೈದಾನದಲ್ಲಿ ಎದುರುಗಾಳಿ. ಮಗಳ ಮುಖ ಸಣ್ಣಗಾಯಿತು. "ಹೆದರಬೇಡ ಪುಟ್ಟಿ, ಹದವಾದ ಎದುರುಗಾಳಿ ಡಿಸ್ಕಸನ್ನು ರೆಕ್ಕೆಯಂತೆ ಎತ್ತಿ ಹಿಡಿಯುತ್ತೆ" ಎಂದೆ. ಮೊದಲ ಎರಡೂ ಬಲೆಗೆ ಬಡಿದವು. ಮೂರನೆಯದು ಹದಿನೇಳು ಮೀಟರ್ ಚಿಲ್ಲರೆ. ಟೇಪಿನ ಆ ತುದಿ ಹಿಡಿದು ಬಗ್ಗಿದ್ದವನು ನಾನೇ.